ವಾರಕ್ಕೊಂದು ಪೆನ್ನಿ, ಮೂರು ನಿಯಮ: ಮೆಥೊಡಿಸ್ಟ್ ಸಭೆಗಳ ನಡೆನುಡಿ ರೂಪುಗೊಂಡ ಬಗೆ

ಪ್ರೀತಿ, ಪ್ರಾಮಾಣಿಕತೆ, ಸೇವೆ, ಐಕ್ಯ. ಈ ನಾಲ್ಕು ಮಾತುಗಳನ್ನು ಬೇಡವೆನ್ನುವ ಕ್ರೈಸ್ತ ಸಭೆ ಎಲ್ಲೂ ಇಲ್ಲ. ಚರ್ಚಿನ ಗೋಡೆಯ ಮೇಲೆ, ವಾರ್ಷಿಕ ವರದಿಯ ಮೊದಲ ಪುಟದಲ್ಲಿ ಅವು ಇದ್ದೇ ಇರುತ್ತವೆ. ಅದೇ ಸಭೆಯಲ್ಲಿ ಕಮಿಟಿ ಚುನಾವಣೆ ಬಂತೆಂದರೆ ಬಣ ಕಟ್ಟುವುದು, ಲೆಕ್ಕ ಕೇಳಿದವರ ಮೇಲೆ ಮುನಿಯುವುದು, ಪ್ರಾರ್ಥನೆಯ ವಿಷಯ ಎಂಬ ನೆಪದಲ್ಲಿ ನೆರೆಮನೆಯ ಸುದ್ದಿ ಹಂಚುವುದು ನಡೆದೇ ಇರಬಹುದು. ಹಾಗಾದರೆ ಮೌಲ್ಯವೊಂದು ಸಭೆಯ ರೂಢಿಯಾಗುವುದು ಹೇಗೆ? ಅದು ಎಷ್ಟು ಸಣ್ಣ ನಡತೆಯಾಗಿ ಇಳಿದು ಬರಬೇಕು, ಅದರ ಬಗ್ಗೆ ಯಾರು ಯಾರನ್ನು ಕೇಳಬೇಕು? ಈ ವಿಚಾರದಲ್ಲಿ 18ನೇ ಶತಮಾನದ ಇಂಗ್ಲೆಂಡಿನ ಮೆಥೊಡಿಸ್ಟರಷ್ಟು ದಾಖಲೆ ಬಿಟ್ಟುಹೋದವರು ವಿರಳ. ತಮಗೆ ಸಾಧ್ಯವಾದದ್ದನ್ನೂ ಕೈತಪ್ಪಿದ್ದನ್ನೂ ಅವರು ಅಂಕಿ ಸಮೇತ ಬರೆದಿಟ್ಟರು.

ಹಿನ್ನೆಲೆ

ಜಾನ್ ವೆಸ್ಲಿ 1703ರಲ್ಲಿ ಇಂಗ್ಲೆಂಡಿನ ಎಪ್‌ವರ್ತ್‌ನಲ್ಲಿ ಹುಟ್ಟಿದ. ತಂದೆ ಆಂಗ್ಲಿಕನ್ ಪಾದ್ರಿ. ತಮ್ಮ ಚಾರ್ಲ್ಸ್ ಮುಂದೆ ಸಾವಿರಾರು ಕೀರ್ತನೆಗಳನ್ನು ಬರೆದವನು. ಆಕ್ಸ್‌ಫರ್ಡ್‌ನಲ್ಲಿದ್ದಾಗ ಈ ಸೋದರರೂ ಕೆಲವು ಗೆಳೆಯರೂ ಗಂಟೆಗೆ ಸರಿಯಾಗಿ ಪ್ರಾರ್ಥನೆ, ಉಪವಾಸ, ಸೆರೆಮನೆಯ ಭೇಟಿ ಎಂದು ಬದುಕುತ್ತಿದ್ದುದನ್ನು ಕಂಡ ಅಲ್ಲಿನ ವಿದ್ಯಾರ್ಥಿಗಳು ಅವರಿಗೆ ಇಟ್ಟ ಅಡ್ಡಹೆಸರೇ ಮೆಥೊಡಿಸ್ಟ್. 1739ರ ಏಪ್ರಿಲ್‌ನಲ್ಲಿ, ಗೆಳೆಯ ಜಾರ್ಜ್ ವಿಟ್‌ಫೀಲ್ಡ್‌ನ ಒತ್ತಾಯಕ್ಕೆ ಮಣಿದು, ವೆಸ್ಲಿ ಬ್ರಿಸ್ಟಲ್‌ನಲ್ಲಿ ಬಯಲಿನಲ್ಲಿ ನಿಂತು ಪ್ರಸಂಗ ಮಾಡತೊಡಗಿದ. ಕೇಳಲು ಬಂದವರಲ್ಲಿ ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿಯ ಕೂಲಿಗಳಿದ್ದರು. ಅದೇ ವರ್ಷ ಲಂಡನ್‌ನಲ್ಲಿ, ಹಿಂದೆ ಫಿರಂಗಿ ಎರಕ ಹೊಯ್ಯುತ್ತಿದ್ದ ಫೌಂಡ್ರಿ ಎಂಬ ಪಾಳುಬಿದ್ದ ಕಟ್ಟಡ ಅವರ ಕೂಟದ ಮನೆಯಾಯಿತು.

ಪ್ರಸಂಗ ಕೇಳಿ ಕಣ್ಣೀರಿಟ್ಟವರು ಮರುವಾರ ಹೆಂಡದಂಗಡಿಯಲ್ಲಿ ಕಾಣಿಸುತ್ತಿದ್ದರು. ಜನರನ್ನು ಸೇರಿಸುವ ಬಲ ವಿಟ್‌ಫೀಲ್ಡ್‌ಗೆ ವೆಸ್ಲಿಗಿಂತ ಹೆಚ್ಚೇ ಇತ್ತು. ಸೇರಿದವರನ್ನು ಕಟ್ಟಿ ನಿಲ್ಲಿಸುವ ಚಿಂತೆ ಮಾಡಿದವನು ಮಾತ್ರ ವೆಸ್ಲಿ. 1738ರಲ್ಲಿ ಜರ್ಮನಿಯ ಹೆರ್ನ್‌ಹೂಟ್‌ಗೆ ಹೋಗಿ ಅಲ್ಲಿನ ಮೊರೇವಿಯನ್ ಸಮುದಾಯದ ಶಿಸ್ತನ್ನು ಅವನು ಕಣ್ಣಾರೆ ಕಂಡಿದ್ದ. ಆ ವರ್ಷದ ಕ್ರಿಸ್ಮಸ್ ದಿನವೇ 'ಬ್ಯಾಂಡ್' ಎಂಬ ಪುಟ್ಟ ಗುಂಪುಗಳಿಗೆ ನಿಯಮ ಬರೆದ. ಗಂಡಸರು ಬೇರೆ, ಹೆಂಗಸರು ಬೇರೆ, ಮದುವೆಯಾದವರು ಬೇರೆ. ಕಳೆದ ಸಲ ಸೇರಿದ ಮೇಲೆ ಏನು ತಪ್ಪು ಮಾಡಿದೆ, ಯಾವ ಶೋಧನೆಗೆ ಸಿಕ್ಕಿದೆ, ಹೇಗೆ ಪಾರಾದೆ ಎಂದು ಒಬ್ಬರನ್ನೊಬ್ಬರು ಕೇಳಬೇಕು. ಸೇರುವ ಮುನ್ನವೇ, ನಿನ್ನ ದೋಷಗಳನ್ನು ನಿನ್ನೆದುರೇ ಹೇಳಿದರೆ ಒಪ್ಪಿಗೆಯೇ ಎಂದು ಕೇಳಲಾಗುತ್ತಿತ್ತು. ಇದು ಎಲ್ಲರಿಗೂ ಹಿಡಿಸುವಂಥದಾಗಿರಲಿಲ್ಲ. ಸೇರಿದವರೂ ಕೆಲವರೇ.

ಸಾಲ ತೀರಿಸಲು ಹೊರಟು ಸಿಕ್ಕ ದಾರಿ

ಎಲ್ಲರನ್ನೂ ಒಳಗೊಳ್ಳುವ ಏರ್ಪಾಡು ಯಾರೂ ಕೂತು ಯೋಜಿಸಿದ್ದಲ್ಲ. ಬ್ರಿಸ್ಟಲ್‌ನಲ್ಲಿ 'ನ್ಯೂ ರೂಮ್' ಎಂಬ ಕೂಟಮಂದಿರ ಕಟ್ಟಿದ ಸಾಲ ತಲೆಯ ಮೇಲಿತ್ತು. 1742ರ ಫೆಬ್ರವರಿ 15ರಂದು ಅದನ್ನು ತೀರಿಸುವ ಮಾತುಕತೆ ನಡೆದಾಗ ಕ್ಯಾಪ್ಟನ್ ಫಾಯ್ ಎಂಬ ಸದಸ್ಯ, ಸಾಲ ತೀರುವ ತನಕ ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದ. ಅಷ್ಟು ಕೊಡಲೂ ಆಗದ ಬಡವರು ಬಹಳ ಮಂದಿ ಇದ್ದಾರಲ್ಲ ಎಂದು ಇನ್ನೊಬ್ಬ ತಡೆದ. ಅದಕ್ಕೆ ಫಾಯ್ ಕೊಟ್ಟ ಉತ್ತರದ ಸಾರ ಇಷ್ಟು: ಅತಿ ಬಡವರಾದ ಹನ್ನೊಂದು ಮಂದಿಯನ್ನು ನನ್ನ ಲೆಕ್ಕಕ್ಕೆ ಹಾಕಿ. ವಾರವಾರ ಅವರ ಮನೆಗೆ ಹೋಗುತ್ತೇನೆ, ಕೊಟ್ಟರೆ ಸರಿ, ಇಲ್ಲವಾದರೆ ಅವರ ಪಾಲನ್ನೂ ನಾನೇ ಹಾಕುತ್ತೇನೆ. ಉಳಿದವರೂ ಹಾಗೆಯೇ ಹನ್ನೊಂದು ಹನ್ನೊಂದು ಮಂದಿಯ ಹೊಣೆ ಹೊತ್ತರು. ಹೀಗೆ ಹನ್ನೆರಡರ ಗುಂಪುಗಳು ಹುಟ್ಟಿದವು. ಅವಕ್ಕೆ ಕ್ಲಾಸ್ ಎಂಬ ಹೆಸರು ಬಿತ್ತು. ಶಾಲೆಯ ತರಗತಿಗೂ ಇದಕ್ಕೂ ಸಂಬಂಧವಿಲ್ಲ.

ಪೆನ್ನಿ ಎತ್ತಲು ಮನೆಮನೆಗೆ ಹೋದವರು ಪೆನ್ನಿಯ ಜೊತೆಗೆ ಸುದ್ದಿಯನ್ನೂ ತಂದರು. ಇಂಥವನು ಕುಡಿದು ಬಿದ್ದಿದ್ದ, ಇಂಥವನು ಹೆಂಡತಿಯ ಜೊತೆ ಜಗಳಕ್ಕಿಳಿದಿದ್ದ. ಇಷ್ಟು ದಿನ ತನಗೆ ಬೇಕಾಗಿದ್ದುದು ಇದೇ ಎಂದು ವೆಸ್ಲಿಗೆ ಥಟ್ಟನೆ ಹೊಳೆಯಿತು. ಸಾವಿರ ಜನರ ಸಭೆಯಲ್ಲಿ ಯಾರು ಹೇಗೆ ಬದುಕುತ್ತಿದ್ದಾರೆಂದು ಪ್ರಸಂಗಪೀಠದಿಂದ ಕಾಣುವುದಿಲ್ಲ. ಹನ್ನೊಂದು ಮನೆಯ ಬಾಗಿಲು ತಟ್ಟುವವನಿಗೆ ಕಾಣುತ್ತದೆ.

ಮನೆಭೇಟಿಯಲ್ಲಿ ತೊಡಕೂ ಬಂತು. ಮುಂದಾಳುಗಳೂ ದುಡಿದು ತಿನ್ನುವವರೇ, ಅಷ್ಟು ಬಿಡುವು ಅವರಿಗಿರಲಿಲ್ಲ. ಸದಸ್ಯರಲ್ಲಿ ಹಲವರು ಕಂಡವರ ಮನೆಯಲ್ಲಿ ಕೆಲಸಕ್ಕಿದ್ದವರು, ಆ ಮನೆಯ ಯಜಮಾನರು ಇವರನ್ನು ಬಾಗಿಲೊಳಗೆ ಬಿಡುತ್ತಿರಲಿಲ್ಲ. ಬಿಟ್ಟರೂ ನಾಲ್ಕು ಜನರ ಎದುರು ಮನಸ್ಸು ಬಿಚ್ಚುವುದು ಹೇಗೆ? ಒಬ್ಬರು ಹೌದೆಂದದ್ದನ್ನು ಇನ್ನೊಬ್ಬರು ಅಲ್ಲವೆಂದರೆ ಇಬ್ಬರನ್ನೂ ಎದುರುಬದುರು ಕೂರಿಸದೆ ತೀರ್ಮಾನವಿಲ್ಲ. ಹೀಗಾಗಿ ಗುಂಪಿನವರೆಲ್ಲ ವಾರಕ್ಕೊಮ್ಮೆ ಒಂದೆಡೆ ಸೇರುವುದೆಂದಾಯಿತು. ಇದಕ್ಕೆ ವೇದವಾಕ್ಯದ ಆಧಾರವೆಲ್ಲಿ ಎಂದು ಕೇಳಿದವರಿಗೆ ವೆಸ್ಲಿ ನೇರವಾಗಿಯೇ ಹೇಳಿದ: ಇದು ದೇವರು ವಿಧಿಸಿದ್ದಲ್ಲ, ಅನುಭವದಿಂದ ಮಾಡಿಕೊಂಡ ಅನುಕೂಲ, ಇದಕ್ಕಿಂತ ಒಳ್ಳೆಯದು ಕಂಡರೆ ಬದಲಾಯಿಸಬಹುದು.

ಮೂರು ಸಾಮಾನ್ಯ ನಿಯಮಗಳು

1743ರಲ್ಲಿ ವೆಸ್ಲಿ ಸೋದರರು ಸಹಿ ಹಾಕಿ ಪ್ರಕಟಿಸಿದ ಕಿರುಹೊತ್ತಗೆಗೆ 'ಸಾಮಾನ್ಯ ನಿಯಮಗಳು' ಎಂದೇ ಹೆಸರು. ಸಭೆಗೆ ಸೇರಲು ಒಂದೇ ಷರತ್ತು. ಪಾಪದಿಂದ ಬಿಡುಗಡೆ ಬೇಕೆಂಬ ಬಯಕೆ ಇರಬೇಕು. ಯಾವ ಸಿದ್ಧಾಂತ ನಂಬುತ್ತೀ, ಯಾವ ಪಂಗಡದವನು ಎಂದು ಯಾರೂ ಕೇಳುತ್ತಿರಲಿಲ್ಲ. ಆದರೆ ಆ ಬಯಕೆ ನಿಜವಾಗಿದ್ದರೆ ಬಾಳಿನಲ್ಲಿ ಮೂರು ರೀತಿಯಾಗಿ ಕಾಣಬೇಕು: ಕೇಡು ಮಾಡದಿರುವುದು, ಕೈಲಾದಷ್ಟು ಒಳಿತು ಮಾಡುವುದು, ಪ್ರಾರ್ಥನೆ, ವೇದಪಾರಾಯಣ, ಕರ್ತನ ಭೋಜನ, ಉಪವಾಸ ಮೊದಲಾದ ದೈವಿಕ ವಿಧಿಗಳನ್ನು ಬಿಡದಿರುವುದು.

ಇಲ್ಲಿಗೇ ನಿಲ್ಲಿಸಿದ್ದರೆ ಇದೂ ಗೋಡೆಬರಹವೇ ಆಗುತ್ತಿತ್ತು. ಪ್ರತಿ ನಿಯಮದ ಕೆಳಗೂ ಬೀದಿಯ, ಅಂಗಡಿಯ, ಬಂದರಿನ ಬದುಕಿನಿಂದ ಎತ್ತಿದ ಉದಾಹರಣೆಗಳಿವೆ. ಕೇಡು ಮಾಡಬಾರದು ಎಂದರೆ ಕುಡಿಯಬಾರದು, ಸಾರಾಯಿ ಮಾರಬಾರದು, ಸಭೆಯವನು ಸಭೆಯವನ ಮೇಲೆ ಕೋರ್ಟಿಗೆ ಹೋಗಬಾರದು, ತೀರಿಸುವ ದಾರಿ ಕಾಣದೆ ಸಾಲ ಮಾಡಬಾರದು, ಸುಂಕ ಕಟ್ಟದ ಕಳ್ಳಮಾಲು ಕೊಳ್ಳಬಾರದು, ಅನ್ಯಾಯದ ಬಡ್ಡಿ ವಸೂಲಿ ಮಾಡಬಾರದು. ಕೊಳ್ಳುವಾಗ ಮಾರುವಾಗ ಮಾತು ಬೆಳೆಸಬಾರದು ಎಂಬುದೂ ಒಂದಿದೆ. ಸಂತೆಯ ಚೌಕಾಸಿ ಬಲ್ಲ ನಮಗೆ ಅದು ಎಷ್ಟು ಕಠಿಣವೆಂದು ಗೊತ್ತು. ಬ್ರಿಸ್ಟಲ್‌ನಂಥ ಬಂದರು ಪಟ್ಟಣದಲ್ಲಿ ಕಳ್ಳಸಾಗಣೆಯ ಚಹಾ, ಬ್ರಾಂದಿ ಕೊಳ್ಳುವುದನ್ನು ಜನ ತಪ್ಪೆಂದೇ ಎಣಿಸುತ್ತಿರಲಿಲ್ಲ. 'ಪ್ರಾಮಾಣಿಕರಾಗಿರಿ' ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. 'ಆ ಬ್ರಾಂದಿ ಎಲ್ಲಿಂದ ತಂದೆ?' ಎಂದರೆ ಉತ್ತರ ಕೊಡಲೇಬೇಕು.

ವಾರದ ಕೂಟ

ಮುಂದಾಳಿನ ಕೆಲಸವೇನೆಂದು ನಿಯಮಗಳಲ್ಲಿಯೇ ಇದೆ. ತನ್ನ ಗುಂಪಿನ ಪ್ರತಿಯೊಬ್ಬರನ್ನೂ ವಾರಕ್ಕೊಮ್ಮೆಯಾದರೂ ಕಂಡು ಆತ್ಮದ ಸ್ಥಿತಿ ಹೇಗಿದೆ ಎಂದು ವಿಚಾರಿಸಬೇಕು. ಬುದ್ಧಿ ಹೇಳಬೇಕು, ತಿದ್ದಬೇಕು, ಸಂತೈಸಬೇಕು. ಬಡವರಿಗಾಗಿ ಕೊಡುವುದನ್ನು ಪಡೆದು ಲೆಕ್ಕ ನೋಡುವ ಸ್ಟೀವರ್ಡರಿಗೆ ಒಪ್ಪಿಸಬೇಕು. ಯಾರು ಕಾಯಿಲೆ ಬಿದ್ದಿದ್ದಾರೆ, ಯಾರು ಹಳಿ ತಪ್ಪಿದ್ದಾರೆ ಎಂಬುದನ್ನು ಪ್ರಸಂಗಿಗೆ ತಿಳಿಸಬೇಕು. ಗಮನಿಸಬೇಕಾದ ಸಂಗತಿ, ಬಡವರ ಪೆನ್ನಿಯೂ ಆತ್ಮದ ವಿಚಾರವೂ ಒಂದೇ ಕೂಟದಲ್ಲಿ, ಒಬ್ಬನೇ ಮುಂದಾಳಿನ ಕೈಯಲ್ಲಿ ನಡೆಯುತ್ತಿದ್ದವು. ಈಗಿನ ಸಭೆಗಳಲ್ಲಿ ಒಂದು ಖಜಾಂಚಿಯ ಪಾಲಿಗೆ, ಇನ್ನೊಂದು ಪಾಸ್ಟರ್ ಪಾಲಿಗೆ ಹೋಗಿ, ಎರಡೂ ಒಂದನ್ನೊಂದು ಮಾತಾಡಿಸುವುದಿಲ್ಲ.

ಮೂರು ತಿಂಗಳಿಗೊಮ್ಮೆ ವೆಸ್ಲಿಯೋ ಅವನ ಪರವಾಗಿ ಪ್ರಸಂಗಿಯೋ ಬಂದು ಎಲ್ಲರನ್ನೂ ಮಾತಾಡಿಸಿ ಹೊಸ ಟಿಕೆಟ್ ಕೊಡುತ್ತಿದ್ದರು. ಒಂದು ವೇದವಾಕ್ಯ ಅಚ್ಚಾಗಿದ್ದ, ಸದಸ್ಯರ ಹೆಸರು ಕೈಯಲ್ಲಿ ಬರೆದ ಪುಟ್ಟ ಚೀಟಿ ಅದು. ಟಿಕೆಟ್ ಇಲ್ಲದವರಿಗೆ ಸಭೆಯ ಒಳಕೂಟಕ್ಕೂ ಪ್ರೇಮಭೋಜನಕ್ಕೂ ಪ್ರವೇಶವಿಲ್ಲ. ತಪ್ಪಿ ನಡೆದು, ಹೇಳಿದರೂ ಕೇಳದವನಿಗೆ ಮುಂದಿನ ಟಿಕೆಟ್ ಸಿಗುತ್ತಿರಲಿಲ್ಲ, ಅಷ್ಟೆ. ಪೀಠದಿಂದ ಹೆಸರು ಕೂಗಿ ಮಾನ ಕಳೆಯದೆ ಸದ್ದಿಲ್ಲದೆ ಬಿಡಿಸುವ ಈ ಉಪಾಯ ವೆಸ್ಲಿಗೆ ಬಲು ಮೆಚ್ಚಿಗೆಯಾಗಿತ್ತು. ಅದೇ ಟಿಕೆಟ್ಟು ಮುಂದೆ ಯಾರ ಕೈಗೆ ಸಿಕ್ಕಿ ಏನಾಯಿತೆಂಬುದನ್ನು ಆಮೇಲೆ ನೋಡೋಣ.

ನ್ಯೂಕಾಸಲ್‌ನ ಲೆಕ್ಕ

1743ರ ಮಾರ್ಚ್‌ನಲ್ಲಿ ವೆಸ್ಲಿ ನ್ಯೂಕಾಸಲ್ ಸಭೆಯನ್ನು ಬಿಟ್ಟುಹೋದವರ, ಬಿಡಿಸಲ್ಪಟ್ಟವರ ಪಟ್ಟಿ ಮಾಡಿ ದಿನಚರಿಯಲ್ಲಿ ಬರೆದ. ಸಭೆಯ ಸಂಸ್ಕೃತಿಯನ್ನು ಕುರಿತು ನಾನು ಓದಿದ ಬರಹಗಳಲ್ಲಿ ಇಷ್ಟು ಮುಚ್ಚುಮರೆಯಿಲ್ಲದ್ದು ಇನ್ನೊಂದಿಲ್ಲ.

ಹೊರಹಾಕಿದ್ದು 64 ಮಂದಿಯನ್ನು. ಆಣೆ ಹಾಕಿ ಶಪಿಸಿದ್ದಕ್ಕೆ ಇಬ್ಬರು, ಭಾನುವಾರದ ಆಚರಣೆ ಮುರಿಯುವ ಚಾಳಿಗೆ ಇಬ್ಬರು, ಕುಡಿತಕ್ಕೆ 17, ಸಾರಾಯಿ ಮಾರಿದ್ದಕ್ಕೆ ಇಬ್ಬರು, ಜಗಳಕ್ಕೆ ಮೂವರು, ಹೆಂಡತಿಗೆ ಹೊಡೆದದ್ದಕ್ಕೆ ಒಬ್ಬ, ಬೇಕೆಂದೇ ಸುಳ್ಳಾಡುತ್ತಿದ್ದುದಕ್ಕೆ ಮೂವರು, ಬೈಗುಳ ಮತ್ತು ಚಾಡಿಗೆ ನಾಲ್ವರು, ಸೋಮಾರಿತನಕ್ಕೆ ಒಬ್ಬ. ಉಳಿದ 29 ಮಂದಿ ಹೋದದ್ದು ಹಗುರ ನಡತೆ, ಉದಾಸೀನ ಎಂಬ ಕಾರಣಕ್ಕೆ.

ಈ ಕೊನೆಯ ಅಂಕಿ ನನ್ನನ್ನು ಕಾಡುತ್ತದೆ. ಕುಡಿತವನ್ನಾಗಲಿ ಸಾರಾಯಿ ವ್ಯಾಪಾರವನ್ನಾಗಲಿ ಕಂಡವರು ಸಾಕ್ಷಿ ಹೇಳಬಹುದು. ಹಗುರ ನಡತೆ ಎಂದರೇನೆಂದು ನಿರ್ಧರಿಸುವವರು ಯಾರು? ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಹೊರಗಾದದ್ದು ಅಳತೆಗೆ ಸಿಗದ ಈ ಆರೋಪದ ಮೇಲೆ. ನಿಯಮ ಖಚಿತವಾಗಿದ್ದ ಕಡೆ ಶಿಸ್ತು ನ್ಯಾಯದಂತೆ ಕಾಣುತ್ತದೆ, ಮಸುಕಾದ ಕಡೆ ಮುಂದಾಳಿನ ಇಷ್ಟಾನಿಷ್ಟದಂತೆ. ಇನ್ನು ಹೆಂಡತಿಗೆ ಹೊಡೆದವನು ಅಷ್ಟು ದೊಡ್ಡ ಪಟ್ಟಣದ ಸಭೆಯಲ್ಲಿ ಒಬ್ಬನೇ ಇದ್ದ ಎಂದು ನಂಬುವುದು ಕಷ್ಟ. ಹೊಡೆತ ತಿಂದ ಹೆಂಗಸರಲ್ಲಿ ಒಬ್ಬಳ ಸಂಕಟವಷ್ಟೇ ಕೂಟದ ತನಕ ಬಂದಿತ್ತು ಎನ್ನಬೇಕು.

ತಾವಾಗಿ ಬಿಟ್ಟುಹೋದವರು 76. ಅವರ ಕಾರಣಗಳನ್ನು ಓದುವಾಗ ಊರೇ ಕಣ್ಣಿಗೆ ಕಟ್ಟುತ್ತದೆ. ತಾವು ಸೇರಿದ್ದ ಬೇರೆ ಪಂಗಡಗಳ ಪಾದ್ರಿಗಳು ಕರ್ತನ ಭೋಜನ ಕೊಡುವುದಿಲ್ಲವೆಂದದ್ದಕ್ಕೆ 14 ಮಂದಿ ಹೋದರು. ತಂದೆತಾಯಿ ಒಪ್ಪದ್ದಕ್ಕೆ 12, ಗಂಡನೋ ಹೆಂಡತಿಯೋ ಒಪ್ಪದ್ದಕ್ಕೆ ಒಂಬತ್ತು, ಕೆಲಸಕ್ಕಿದ್ದ ಮನೆಯವರು ಒಪ್ಪದ್ದಕ್ಕೆ ಐವರು. ಜನ ನಗುತ್ತಾರೆಂದು ಒಂಬತ್ತು. ಬಡವರಿಗೆ ಸಿಗುವ ಸಹಾಯಧನ ತಪ್ಪಿಹೋಗುತ್ತದೆಂದು ಮೂವರು, ಬಿಡುವಿಲ್ಲವೆಂದು ಮೂವರು, ದೂರವಾಯಿತೆಂದು ಇಬ್ಬರು. ಇಂಥವನೊಬ್ಬ ಸಭೆಯಲ್ಲಿದ್ದಾನೆ, ಅವನಿರುವಲ್ಲಿ ನಾವಿರುವುದಿಲ್ಲ ಎಂದು ಇಬ್ಬರು. ದೇವರ ಸೇವೆಗೆ ಇನ್ನೂ ಬೇಕಾದಷ್ಟು ಕಾಲವಿದೆ ಎಂದವನೂ ಒಬ್ಬ. ಬಿಟ್ಟುಹೋದವರನ್ನೆಲ್ಲ 'ನಂಬಿಕೆ ಕಳೆದುಕೊಂಡವರು' ಎಂಬ ಒಂದೇ ಖಾನೆಗೆ ತಳ್ಳದೆ ಯಾಕೆ ಹೋದರೆಂದು ಕೇಳಿ ಬರೆದುಕೊಂಡದ್ದೇ ದೊಡ್ಡದು. ಇಂಥ ಪಟ್ಟಿ ಮಾಡುವ ಧೈರ್ಯ ಈಗ ಎಷ್ಟು ಸಭೆಗಳಿಗಿದೆಯೋ.

ಚಾಡಿಯ ವಿರುದ್ಧ ಸಹಿ

ಸಭೆಗಳನ್ನು ಒಳಗಿನಿಂದ ತಿನ್ನುವುದು ಬೆನ್ನ ಹಿಂದಿನ ಮಾತು. 1752ರ ಜನವರಿ 29ರಂದು ವೆಸ್ಲಿ ಸೋದರರೂ ಹಲವು ಪ್ರಸಂಗಿಗಳೂ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ನಮ್ಮಲ್ಲೊಬ್ಬರ ಬಗ್ಗೆ ಕೆಟ್ಟ ಮಾತನ್ನು ಕೇಳಲು ಹೋಗುವುದಿಲ್ಲ, ಕಿವಿಗೆ ಬಿದ್ದರೂ ಕೂಡಲೇ ನಂಬುವುದಿಲ್ಲ. ಆದಷ್ಟು ಬೇಗ ಆ ವ್ಯಕ್ತಿಗೇ ಹೇಳುತ್ತೇವೆ ಅಥವಾ ಬರೆಯುತ್ತೇವೆ. ಹೇಳುವ ತನಕ ಬೇರೆ ಯಾರ ಬಳಿಯೂ ಒಂದಕ್ಷರ ಆಡುವುದಿಲ್ಲ, ಹೇಳಿದ ಮೇಲೂ ಆಡುವುದಿಲ್ಲ. ಅನಿವಾರ್ಯವೆನಿಸಿದರೆ ಪ್ರಸಂಗಿಗಳು ಸೇರುವ ಸಮ್ಮೇಳನದಲ್ಲಿ ಮಾತ್ರ.

ಇದರ ಮೂಲ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ. ತಪ್ಪು ಮಾಡಿದ ಸಹೋದರನ ಬಳಿಗೆ ಮೊದಲು ಒಬ್ಬನೇ ಹೋಗು, ಆಮೇಲೆ ಇಬ್ಬರೋ ಮೂವರೋ ಹೋಗಿ, ಕೊನೆಗೆ ಸಭೆಗೆ ತಿಳಿಸಿ ಎಂಬ ಕ್ರಮ ಅಲ್ಲಿದೆ. ಆ ಭಾಗವನ್ನು ಓದದ ಕ್ರೈಸ್ತರಿಲ್ಲ, ಪಾಲಿಸುವವರು ಕಡಿಮೆ. ಅದನ್ನು ಬಿಡಿಬಿಡಿ ಹೆಜ್ಜೆಗಳಾಗಿ ಬರೆದು, ಸಭೆಯ ಜನರಿಗೆ ಬೋಧಿಸುವ ಮೊದಲು ಮುಂದಾಳುಗಳೇ ಸಹಿ ಹಾಕಿದರು ಎಂಬುದರಲ್ಲಿ ಇದರ ತೂಕವಿದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಮಕ್ಕಳ ಮೇಲೆ, ಹೆಂಗಸರ ಮೇಲೆ ದೌರ್ಜನ್ಯ ನಡೆದಾಗಲೂ 'ಮೊದಲು ಅವನೊಬ್ಬನ ಹತ್ತಿರ ಮಾತಾಡಿ' ಎಂದು ಇದೇ ವಾಕ್ಯವನ್ನು ತೋರಿಸುವವರಿದ್ದಾರೆ. ಅದು ನೊಂದವರ ಬಾಯಿ ಮುಚ್ಚಿಸುವ ಕೆಲಸ. ಅಲ್ಲಿ ಹೋಗಬೇಕಾದದ್ದು ಪೊಲೀಸ್ ಠಾಣೆಗೆ.

ಮಂಗಳವಾರ ಬಂದದ್ದು ಗುರುವಾರ ಖಾಲಿ

ಲಂಡನ್ ಸಭೆಯ ಸ್ಟೀವರ್ಡರು ಪ್ರತಿ ಗುರುವಾರ ಬೆಳಗ್ಗೆ ಆರು ಗಂಟೆಗೆ ಸೇರುತ್ತಿದ್ದರು. ಮಂಗಳವಾರ ಬಂದ ಹಣ ಗುರುವಾರದೊಳಗೆ ಕಾಯಿಲೆಯವರಿಗೆ, ತೀರ ಕಷ್ಟದಲ್ಲಿದ್ದವರಿಗೆ ಹಂಚಿಹೋಗುತ್ತಿತ್ತು. ಲೆಕ್ಕ ಬರೆದಿಡಬೇಕು, ಸಾಲ ಮಾಡಕೂಡದು. ನಿಯಮ ಮೀರಿದ ಸ್ಟೀವರ್ಡನಿಗೆ ಮೂರು ಸಲ ಎಚ್ಚರಿಕೆ, ಆಮೇಲೆ ಅವನು ಸ್ಟೀವರ್ಡನಲ್ಲ. ಬಡವರನ್ನು ಹೇಗೆ ಕಾಣಬೇಕೆಂಬುದನ್ನೂ ಬರೆದಿದ್ದರು. ಕೊಡಲು ಏನೂ ಇಲ್ಲದಿದ್ದರೆ ಮೆತ್ತನೆಯ ಮಾತನ್ನಾದರೂ ಆಡಬೇಕು, ಹುಳಿ ಮುಖ ತೋರಬಾರದು. ಆ ಬಡವನ ಜಾಗದಲ್ಲಿ ತಾನಿದ್ದರೆ ಹೇಗೆ ಎಂದು ಎಣಿಸಿ ನಡೆದುಕೊಳ್ಳಬೇಕು.

ಕಾಯಿಲೆಯವರನ್ನು ನೋಡಲು ಲಂಡನ್ನನ್ನು 23 ಭಾಗ ಮಾಡಿ 46 ಮಂದಿಯನ್ನು ಇಬ್ಬಿಬ್ಬರಂತೆ ನೇಮಿಸಲಾಯಿತು. ವಾರಕ್ಕೆ ಮೂರು ಸಲ ಪ್ರತಿ ರೋಗಿಯ ಮನೆಗೆ ಹೋಗಬೇಕು. 1746ರಲ್ಲಿ ಫೌಂಡ್ರಿಯಲ್ಲಿ ಉಚಿತ ಔಷಧಾಲಯ ಶುರುವಾಯಿತು. ಸಣ್ಣ ಸಾಲದ ನಿಧಿಯೊಂದೂ ಹುಟ್ಟಿ, 20 ಶಿಲಿಂಗ್‌ವರೆಗೆ ಕೊಟ್ಟು ಮೂರು ತಿಂಗಳಲ್ಲಿ ವಾರದ ಕಂತಾಗಿ ಹಿಂದಕ್ಕೆ ಪಡೆಯುತ್ತಿದ್ದರು. ನಮ್ಮ ಸ್ವಸಹಾಯ ಸಂಘಗಳ ಹೆಂಗಸರಿಗೆ ಈ ಲೆಕ್ಕ ಹೊಸದೆನಿಸದು.

ಇದರಲ್ಲೇ ಒಂದು ಇಕ್ಕಟ್ಟೂ ಅಡಗಿತ್ತು, ವೆಸ್ಲಿ ಮುಪ್ಪಿನಲ್ಲಿ ಅದನ್ನು ಮತ್ತೆ ಮತ್ತೆ ಹೇಳಿಕೊಂಡ. ಕುಡಿಯದೆ, ದುಂದು ಮಾಡದೆ, ಮೈಮುರಿದು ದುಡಿಯುವವನ ಕೈಯಲ್ಲಿ ಹಣ ಕೂಡುತ್ತದೆ. ಹಣ ಕೂಡಿದವನಿಗೆ ಗತ್ತು ಬರುತ್ತದೆ, ಕ್ಲಾಸಿನಲ್ಲಿ ಗಣಿಕೂಲಿಯ ಪಕ್ಕ ಕೂರಲು ಮುಜುಗರವಾಗುತ್ತದೆ. ದುಡಿ, ಉಳಿಸು ಎಂಬ ಎರಡು ಮಾತನ್ನು ನಮ್ಮವರು ಚೆನ್ನಾಗಿ ಕಲಿತರು, ಕೊಡು ಎಂಬ ಮೂರನೆಯದನ್ನು ಮರೆತರು ಎಂಬುದು ಅವನ ಕೊರಗಾಗಿತ್ತು.

ಪ್ರಸಂಗಿಗಳಿಗೆ ಬೇರೆ ಅಳತೆ

1744ರ ಜೂನ್‌ನಲ್ಲಿ ಫೌಂಡ್ರಿಯಲ್ಲಿ ಹತ್ತು ಮಂದಿ ಸೇರಿ ಮೊದಲ ಸಮ್ಮೇಳನ ನಡೆಸಿದರು. ಸಹಾಯಕ ಪ್ರಸಂಗಿಗಳಿಗೆ ಹನ್ನೆರಡು ನಿಯಮಗಳಾದವು. ಕ್ಷಣವೂ ಸೋಮಾರಿಯಾಗಿರಬೇಡ, ಹೇಳಿದ ಹೊತ್ತಿಗೆ ಸರಿಯಾಗಿ ಹೋಗು, ದೊಡ್ಡ ಮನುಷ್ಯನ ಠೀವಿ ಬೇಡ. ಸೌದೆ ತರಲು, ನೀರು ಸೇದಲು, ತನ್ನ ಬೂಟನ್ನಾಗಲಿ ನೆರೆಯವನ ಬೂಟನ್ನಾಗಲಿ ಒರೆಸಲು ನಾಚಬೇಡ. ಒಬ್ಬ ಪ್ರಸಂಗಿ ಒಂದೇ ಊರಿನಲ್ಲಿ ಬೇರು ಬಿಡದಂತೆ ಒಂದೆರಡು ವರ್ಷಕ್ಕೆ ವರ್ಗಾವಣೆ. ಪ್ರತಿವರ್ಷ ಸಮ್ಮೇಳನದಲ್ಲಿ ಒಬ್ಬೊಬ್ಬನ ನಡತೆಯ ವಿಚಾರಣೆ. ಸಭೆಯ ಜನರಿಗೆ ಮೂರು ತಿಂಗಳಿಗೊಮ್ಮೆ ಟಿಕೆಟ್ ಕೊಡುವವನು ತಾನೂ ವರ್ಷಕ್ಕೊಮ್ಮೆ ಎದ್ದು ನಿಲ್ಲಲೇಬೇಕಿತ್ತು.

ಹೆಂಗಸರು ಕ್ಲಾಸಿನ ಮುಂದಾಳುಗಳಾಗಿದ್ದರು. 1761ರಲ್ಲಿ ಡಾರ್ಬಿಯಲ್ಲಿ ಸಾರಾ ಕ್ರಾಸ್ಬಿ ಮೂವತ್ತು ಮಂದಿಯ ಕ್ಲಾಸ್ ನಡೆಸಲು ಹೋದಾಗ ಸುಮಾರು ಇನ್ನೂರು ಮಂದಿ ನೆರೆದಿದ್ದರು. ಒಬ್ಬೊಬ್ಬರನ್ನೂ ಮಾತಾಡಿಸಲಾಗದೆ ಎಲ್ಲರಿಗೂ ಒಟ್ಟಾಗಿ ಬುದ್ಧಿಮಾತು ಹೇಳಿ, ಇದು ಪ್ರಸಂಗವಾಯಿತೇ ಎಂದು ಅಂಜಿ ವೆಸ್ಲಿಗೆ ಬರೆದಳು. ಅವನು ತಡೆಯಲಿಲ್ಲ. ಅವನು ತೀರಿಕೊಂಡು ಹನ್ನೆರಡು ವರ್ಷವಾಗುವಷ್ಟರಲ್ಲಿ, 1803ರಲ್ಲಿ, ಸಮ್ಮೇಳನ ಹೆಂಗಸರ ಪ್ರಸಂಗಕ್ಕೆ ಬೇಲಿ ಹಾಕಿತು. ಹೆಂಗಸರ ಮಾತು ಸಲ್ಲಬೇಕೆಂದು ಯಾವ ನಿಯಮದಲ್ಲೂ ಬರೆದಿರಲಿಲ್ಲ. ಒಬ್ಬನ ಒಳ್ಳೆಯತನದ ಮೇಲೆ ನಿಂತದ್ದು ಅವನೊಂದಿಗೇ ಹೋಯಿತು.

ಗುಲಾಮಗಿರಿ: ಪುಸ್ತಕದಲ್ಲಿ ಉಳಿದ ನಿಯಮ

ಬರೆದಿದ್ದರೂ ಸಾಲದು ಎಂಬುದಕ್ಕೆ ಅಮೆರಿಕ ಸಾಕ್ಷಿ. ವೆಸ್ಲಿ 1774ರಲ್ಲೇ ಗುಲಾಮಗಿರಿಯನ್ನು ಖಂಡಿಸಿ ಪುಸ್ತಿಕೆ ಬರೆದಿದ್ದ. ಸಾಯುವ ಕೆಲವೇ ದಿನ ಮುಂಚೆ, 1791ರ ಫೆಬ್ರವರಿ 24ರಂದು, ಗುಲಾಮ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ವಿಲಿಯಂ ವಿಲ್ಬರ್‌ಫೋರ್ಸ್‌ಗೆ ಧೈರ್ಯ ತುಂಬಿ ಪತ್ರ ಬರೆದ. ಅಮೆರಿಕದ ಮೆಥೊಡಿಸ್ಟರು 1784ರ ಕ್ರಿಸ್ಮಸ್ ಹೊತ್ತಿಗೆ ಬಾಲ್ಟಿಮೋರ್‌ನಲ್ಲಿ ಸೇರಿ ತಮ್ಮದೇ ಚರ್ಚು ಕಟ್ಟಿಕೊಂಡಾಗ, ಗುಲಾಮರನ್ನು ಇಟ್ಟುಕೊಂಡ ಸದಸ್ಯರು ಹನ್ನೆರಡು ತಿಂಗಳೊಳಗೆ ಅವರ ಬಿಡುಗಡೆಗೆ ಕಾನೂನುಬದ್ಧ ಪತ್ರ ಮಾಡಬೇಕೆಂದು ಕಟ್ಟಳೆ ಮಾಡಿದರು.

ಆರು ತಿಂಗಳಲ್ಲಿ ಆ ಕಟ್ಟಳೆಯನ್ನು ಅಮಾನತಿನಲ್ಲಿಟ್ಟರು. ದಕ್ಷಿಣದ ಹೊಲದೊಡೆಯರ ಕೂಗಿಗೆ ಹೆದರಿದ್ದರು. ಅದರ ಬದಲು, ಗುಲಾಮರನ್ನಾಗಿಸುವ ಉದ್ದೇಶದಿಂದ ಮನುಷ್ಯರನ್ನು ಕೊಳ್ಳುವುದು ಮಾರುವುದು ಕೂಡದು ಎಂಬ ಸಾಲನ್ನು ಸಾಮಾನ್ಯ ನಿಯಮಗಳಿಗೆ ಸೇರಿಸಿದರು. ಕೊಳ್ಳುವುದು ಮಾರುವುದು ತಪ್ಪಾಯಿತು, ಇಟ್ಟುಕೊಳ್ಳುವುದರ ಮಾತು ಹಿಂದೆ ಸರಿಯಿತು. 1808ರಲ್ಲಿ ಎರಡು ತೀರ್ಮಾನಗಳು ಒಟ್ಟಿಗೇ ಬಂದವು. ಸಾಮಾನ್ಯ ನಿಯಮಗಳನ್ನು ಇನ್ನು ಮುಂದೆ ಯಾವ ಸಮ್ಮೇಳನವೂ ಬದಲಿಸುವಂತಿಲ್ಲ ಎಂಬುದು ಒಂದು. ದಕ್ಷಿಣ ಕರೋಲಿನಾಕ್ಕೆ ಮಾತ್ರ ಗುಲಾಮಗಿರಿಯ ಭಾಗವನ್ನು ಕೈಬಿಟ್ಟ 1,000 ಪ್ರತಿಗಳನ್ನು ಬೇರೆಯಾಗಿ ಅಚ್ಚು ಹಾಕಿಸುವುದು ಇನ್ನೊಂದು. ನಿಯಮವನ್ನು ಮುಟ್ಟಬಾರದು ಎಂದವರೇ ಬೇಡವಾದ ಕಡೆ ಅದನ್ನು ಅಚ್ಚಿನಿಂದ ತೆಗೆಸಿದರು.

ಅಷ್ಟರಲ್ಲಿ ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ ಚರ್ಚಿನಲ್ಲಿ ಪ್ರಾರ್ಥನೆಯ ನಡುವೆಯೇ ಕರಿಯ ಸದಸ್ಯರನ್ನು ಮೊಣಕಾಲೂರಿದ ಜಾಗದಿಂದ ಎಬ್ಬಿಸಿದ್ದರು. ಹೊರನಡೆದವರಲ್ಲೊಬ್ಬ ರಿಚರ್ಡ್ ಆಲೆನ್, ಗುಲಾಮಗಿರಿಯಿಂದ ಬಿಡುಗಡೆಯಾದವನು. 1816ರಲ್ಲಿ ಅವನು ಆಫ್ರಿಕನ್ ಮೆಥೊಡಿಸ್ಟ್ ಎಪಿಸ್ಕೋಪಲ್ ಚರ್ಚಿನ ಮೊದಲ ಬಿಷಪ್ ಆದ. 1844ರಲ್ಲಿ ಜೇಮ್ಸ್ ಆಂಡ್ರ್ಯೂ ಎಂಬ ಬಿಷಪ್‌ಗೇ ಗುಲಾಮರಿದ್ದಾರೆಂಬ ವಿಷಯ ಮಹಾಸಮ್ಮೇಳನದ ಮುಂದೆ ಬಂದಾಗ ಚರ್ಚು ಉತ್ತರ, ದಕ್ಷಿಣ ಎಂದು ಸೀಳಿತು. ಮತ್ತೆ ಒಂದಾದದ್ದು 1939ರಲ್ಲಿ. ಆಗಲೂ ಕರಿಯರ ಸಭೆಗಳನ್ನು ಬೇರೆಯಾದ ಆಡಳಿತ ವಿಭಾಗಕ್ಕೆ ತಳ್ಳಿದರು, ಅದು 1968ರ ತನಕ ಹೋಗಲಿಲ್ಲ. ಕುಡಿತದ ವಿಷಯದಲ್ಲಿ 17 ಮಂದಿಯನ್ನು ಒಂದೇ ಊರಲ್ಲಿ ಹೊರಹಾಕಬಲ್ಲ ಶಿಸ್ತು ಹೊಲದೊಡೆಯನ ಮುಂದೆ ನಾಲಗೆ ಕಳೆದುಕೊಂಡಿತು. ಬಡವನ ಪಾಪಕ್ಕೆ ಖಚಿತ ಮಾತು, ಉಳ್ಳವನ ಪಾಪಕ್ಕೆ ರಿಯಾಯಿತಿಯ ಮಾತು. ಈ ಚಾಳಿ ಅಮೆರಿಕದ್ದು ಮಾತ್ರವೂ ಅಲ್ಲ.

ಟಿಕೆಟ್ ಯಾರ ಕೈಯಲ್ಲಿ?

ವೆಸ್ಲಿ ಸತ್ತಾಗ ಬ್ರಿಟನ್, ಐರ್ಲೆಂಡುಗಳಲ್ಲಿ 70,000ಕ್ಕೂ ಹೆಚ್ಚು ಸದಸ್ಯರಿದ್ದರು. ಬದುಕಿದ್ದಷ್ಟು ಕಾಲ ಕೊನೆಯ ಮಾತು ಅವನದೇ. ಸದಸ್ಯರಿಗೆ ಮತವಿರಲಿಲ್ಲ. ಪ್ರಸಂಗಿಗಳ ಹನ್ನೆರಡು ನಿಯಮಗಳಲ್ಲೇ, ನಮ್ಮ ನಿಯಮಗಳನ್ನು ತಿದ್ದಲು ಹೋಗಬೇಡ, ಪಾಲಿಸು ಎಂಬ ಅರ್ಥದ ಮಾತಿದೆ. ಅವನ ನಂತರ ಆ ಅಧಿಕಾರ ಪ್ರಸಂಗಿಗಳ ಸಮ್ಮೇಳನಕ್ಕೆ ಬಂತು. ಸಾಮಾನ್ಯ ಸದಸ್ಯರಿಗೂ ಆಡಳಿತದಲ್ಲಿ ಪಾಲು ಬೇಕೆಂದ ಅಲೆಕ್ಸಾಂಡರ್ ಕಿಲಮ್‌ನನ್ನು 1796ರಲ್ಲಿ ಹೊರಹಾಕಿದರು. ಬಯಲು ಕೂಟ ನಡೆಸಿದ್ದಕ್ಕೆ ಹ್ಯೂ ಬೋರ್ನ್ ಹೊರಗಾದ, ಅದೇ ಕಾರಣಕ್ಕೆ ವಿಲಿಯಂ ಕ್ಲೋಸ್‌ಗೆ 1810ರಲ್ಲಿ ಟಿಕೆಟ್ ಕೊಡಲಿಲ್ಲ. ಬಯಲಿನಲ್ಲಿ ಹುಟ್ಟಿದ ಚಳವಳಿ ಎಂಬುದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯದು.

1840ರ ದಶಕದಲ್ಲಿ ಸಮ್ಮೇಳನದ ಪ್ರಬಲ ನಾಯಕ ಜೇಬಸ್ ಬಂಟಿಂಗ್‌ನನ್ನು ಟೀಕಿಸುವ ಅನಾಮಧೇಯ ಕರಪತ್ರಗಳು ಹರಿದಾಡಿದವು. ಬರೆದವರು ಯಾರೆಂದು ಪತ್ತೆ ಮಾಡಲು ಪ್ರತಿಯೊಬ್ಬ ಪ್ರಸಂಗಿಯೂ ತಾನಲ್ಲವೆಂದು ಸಹಿ ಹಾಕಬೇಕೆಂದರು. ಉತ್ತರಿಸಲೊಪ್ಪದ ಮೂವರನ್ನು 1849ರಲ್ಲಿ ಹೊರಹಾಕಿದರು. ಅವರ ಪರ ನಿಂತ ಸದಸ್ಯರ ಟಿಕೆಟ್‌ಗಳೂ ಹೋದವು. ಕುಡುಕನನ್ನು ಮಾನ ಕಳೆಯದೆ ತಿದ್ದಲು ಹುಟ್ಟಿದ ಚೀಟಿ ಪ್ರಶ್ನೆ ಕೇಳಿದವನ ಬಾಯಿ ಕಟ್ಟುವ ಸಾಧನವಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಒಂದು ಲಕ್ಷ ಮಂದಿ ಆ ಸಭೆಯನ್ನು ತೊರೆದರು. ವಾರದ ಕ್ಲಾಸೂ ನಿಧಾನಕ್ಕೆ ಸೊರಗಿತು. ಅಮೆರಿಕದ ದಕ್ಷಿಣದ ಚರ್ಚು 1866ರಲ್ಲಿ ಕಡ್ಡಾಯ ಹಾಜರಿಯನ್ನೇ ತೆಗೆದುಹಾಕಿತು.

ಅದೇ ಕ್ಲಾಸುಗಳು ಬೇರೊಂದು ಫಲವನ್ನೂ ಕೊಟ್ಟಿದ್ದವು. ಓದಲು, ಲೆಕ್ಕವಿಡಲು, ನಾಲ್ಕು ಜನರೆದುರು ನಿಂತು ಮಾತಾಡಲು ಕೂಲಿಯವರು ಕಲಿತದ್ದು ಅಲ್ಲಿ. 1834ರಲ್ಲಿ ಕೂಲಿಕಾರರ ಸಂಘ ಕಟ್ಟಿದ್ದಕ್ಕೆ ಆಸ್ಟ್ರೇಲಿಯಾಕ್ಕೆ ಗಡಿಪಾರಾದ ಟೋಲ್‌ಪಡ್ಲ್ ಗ್ರಾಮದ ಆರು ಮಂದಿಯ ಮುಂದಾಳು ಜಾರ್ಜ್ ಲವ್‌ಲೆಸ್ ಮೆಥೊಡಿಸ್ಟ್ ಪ್ರಸಂಗಿಯಾಗಿದ್ದ.

ಕನ್ನಡ ನಾಡಿನಲ್ಲಿ

ವೆಸ್ಲಿಯನ್ ಮಿಷನರಿಗಳು ಬೆಂಗಳೂರಿಗೆ ಬಂದದ್ದು 1821ರಲ್ಲಿ. ಮೈಸೂರು, ತುಮಕೂರು, ಗುಬ್ಬಿಗಳಲ್ಲಿ ಅವರ ಕೆಲಸ ಹಬ್ಬಿತು. ಮೈಸೂರಿನ ವೆಸ್ಲಿಯನ್ ಮಿಷನ್ ಪ್ರೆಸ್, 1887ರಲ್ಲಿ ಶುರುವಾದ 'ವೃತ್ತಾಂತ ಪತ್ರಿಕೆ', 1906ರ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಕನ್ನಡಿಗರಿಗೆ ಪರಿಚಿತ. ಆ ಸಭೆಗಳು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿಎಸ್‌ಐಯಲ್ಲಿ, ಆಂಗ್ಲಿಕನ್ ಮತ್ತಿತರ ಸಭೆಗಳೊಂದಿಗೆ ಸೇರಿಹೋದವು. ಅಮೆರಿಕದ ಕವಲಿನಿಂದ ಬಂದ ಬೀದರ್, ಕೋಲಾರ, ಬೆಂಗಳೂರಿನ ಸಭೆಗಳು ಬೇರೆಯಾಗಿಯೇ ಉಳಿದು 1981ರಿಂದ ಸ್ವತಂತ್ರ ಮೆಥೊಡಿಸ್ಟ್ ಚರ್ಚ್ ಇನ್ ಇಂಡಿಯಾದ ಭಾಗವಾಗಿವೆ.

ಹನ್ನೆರಡರ ಕ್ಲಾಸು ಈಗ ಹೆಸರಿಗಷ್ಟೆ. ಅದಕ್ಕೆ ತೀರ ಹತ್ತಿರದ್ದೆಂದರೆ ನಮ್ಮ ಸಭೆಗಳಲ್ಲಿ ವಾರದ ಮಧ್ಯೆ ನಡೆಯುವ ಮನೆಕೂಟ. ಹಾಡುತ್ತಾರೆ, ವೇದಭಾಗ ಓದುತ್ತಾರೆ, ಯಾರಾದರೊಬ್ಬರು ಸಾಕ್ಷಿ ಹೇಳುತ್ತಾರೆ, ಪ್ರಾರ್ಥಿಸಿ ಚಹಾ ಕುಡಿದು ಚೆದುರುತ್ತಾರೆ. ಕ್ಲಾಸಿನಲ್ಲಿ ಇದ್ದು ಇಲ್ಲಿ ಇಲ್ಲದಿರುವುದು ಒಂದು. ಪ್ರತಿಯೊಬ್ಬರ ಸರದಿ ಬಂದಾಗಲೂ ಹೆಸರು ಹಿಡಿದು 'ಈ ವಾರ ನೀವು ಹೇಗೆ ನಡೆದುಕೊಂಡಿರಿ?' ಎಂದು ಕೇಳುವುದು, ಮುಂದಾಳಿನ ಸರದಿಯನ್ನೂ ಬಿಡದೆ.